ತಕರಾರಿನ ಕಾಗದ

ಕ್ಲೂನಾ
18 ಜೂನ್ 1974

ಕಾರ್ಯದರ್ಶಿಗಳು,
ಕ್ಯಾರಿಗ್‌ಬಾನ್ ಹರ್ಲಿಂಗ್ ಕ್ಲಬ್

ಮಾನ್ಯರೇ,

ಕೌಂಟಿ ಜೂನಿಯರ್ ಪಂದ್ಯಾವಳಿಯ ಸೆಮಿಫೈನಲ್ ನಿಮಗೂ ನಮಗೂ ಜುಲೈ 14ರ ಭಾನುವಾರ ನಿಗದಿಯಾಗಿದೆ. ಅದೇ ವಾರ ನಮ್ಮ ಊರಿನಲ್ಲಿ ಹುಲ್ಲು ಕೊಯ್ಲು. ನಮ್ಮ ಹದಿನೈದು ಆಟಗಾರರಲ್ಲಿ ಹನ್ನೊಂದು ಮಂದಿ ಆ ವಾರ ಪೂರ್ತಿ ಹೊಲದಲ್ಲಿರುತ್ತಾರೆ. ಪಂದ್ಯವನ್ನು ಒಂದು ವಾರ ಮುಂದೂಡಲು ನಿಮ್ಮ ಒಪ್ಪಿಗೆ ಕೋರುತ್ತೇನೆ.

ಹೋದ ವರ್ಷ ನಿಮ್ಮ ಗೋಲ್‌ಕೀಪರನ ಮದುವೆಗೆಂದು ನಾವು ಪಂದ್ಯ ಮುಂದೂಡಿಕೊಟ್ಟಿದ್ದೆವು. ಅದನ್ನು ಈಗ ನೆನಪಿಸುವಷ್ಟು ಸಣ್ಣ ಮನುಷ್ಯ ನಾನಲ್ಲ.

ಇತಿ,
ಫಿಂಟನ್ ಕೋಲನ್
ಕಾರ್ಯದರ್ಶಿ, ಕ್ಲೂನಾ ಹರ್ಲಿಂಗ್ ಕ್ಲಬ್


ಕ್ಯಾರಿಗ್‌ಬಾನ್
21 ಜೂನ್ 1974

ಮಾನ್ಯ ಕೋಲನ್‌ರವರೇ,

ಹುಲ್ಲು ಕ್ಯಾರಿಗ್‌ಬಾನಿನಲ್ಲೂ ಬೆಳೆಯುತ್ತದೆ. ನಿಮ್ಮ ಪತ್ರವನ್ನು ನಮ್ಮ ಅಧ್ಯಕ್ಷರ ಮುಂದೆ, ಅಂದರೆ ನನ್ನ ಅಣ್ಣ ಮ್ಯಾಲಕಿಯ ಮುಂದೆ ಇಟ್ಟೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಗುಡ್ಡದಾಚೆಯೋರಿಗೆ ಬಿಸಿಲೂ ಬೇಕು, ಮಳೇನೂ ಬೇಕು, ಈಗ ಭಾನುವಾರಾನೂ ಅವರು ಕೇಳ್ದಾಗ್ಲೇ ಬರಬೇಕಂತಾ? ಆಗಲ್ಲ ಅಂತ ಬರಿ ಕಣೇ."

ಆಗುವುದಿಲ್ಲ.

ನಿಯಮದಂತೆ ಐರಿಷ್ ಭಾಷೆಯಲ್ಲಿ ಬರೆದ ನಿಮ್ಮ ಪತ್ರದಲ್ಲಿ ಎರಡು ವ್ಯಾಕರಣ ತಪ್ಪುಗಳಿವೆ. ಕೆಂಪು ಶಾಯಿಯಲ್ಲಿ ತಿದ್ದಿ ಇದರೊಂದಿಗೆ ಹಿಂದಿರುಗಿಸಿದ್ದೇನೆ. ಮೂವತ್ತು ವರ್ಷ ಶಾಲೆಯಲ್ಲಿ ಐರಿಷ್ ಕಲಿಸಿದವಳ ಕೈ, ಸುಮ್ಮನಿರಲಾರದು.

ಡೀಲಿಯಾ ಹೆನೆಗನ್
ಕಾರ್ಯದರ್ಶಿ


ಕ್ಯಾರಿಗ್‌ಬಾನ್
28 ಜೂನ್ 1974

ಕೋಲನ್‌ರೇ,

ಇದು ಕ್ಲಬ್ಬಿನ ಪತ್ರವಲ್ಲ, ನನ್ನದು. ಆದ್ದರಿಂದ ಐರಿಷ್‌ನಲ್ಲಿ ಬರೆದು ನಿಮ್ಮನ್ನು ಗೋಳು ಹುಯ್ದುಕೊಳ್ಳುವುದಿಲ್ಲ.

ಗೋಲಿನ ಬಲೆ ಕಟ್ಟಲು ಏಣಿ ಹತ್ತಿ, ಬಿದ್ದು ಸೊಂಟ ಮುರಿದುಕೊಂಡಿರೆಂದು ನಮ್ಮ ಪಾದ್ರಿಗಳು ಪೂಜೆ ಮುಗಿದ ಮೇಲೆ ಹೇಳಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಬಲೆ ಸರಿಯಾಗಿ ಕಟ್ಟಿದ್ನಂತಾ?" ಅಂದರು. ಜನ ನಕ್ಕರು. ನಾನೂ ನಕ್ಕೆ, ಆಮೇಲೆ ಬೇಜಾರಾಯಿತು. ಎಪ್ಪತ್ತೊಂದನೇ ವಯಸ್ಸಿನಲ್ಲಿ ನಿಮಗೆ ಏಣಿ ಯಾಕೆ ಬೇಕಿತ್ತು?

ಬೇಗ ಗುಣವಾಗಿ. ಗುಡ್ಡದ ಆಚೆಯಿಂದ ಬೈಯುವವರಿಲ್ಲದೆ ಇಲ್ಲಿ ಸಪ್ಪೆಯಾಗಿದೆ.

ಡೀಲಿಯಾ ಹೆನೆಗನ್


ಕೌಂಟಿ ಆಸ್ಪತ್ರೆ
3 ಜುಲೈ 1974

ಮಿಸ್ ಹೆನೆಗನ್‌ರವರಿಗೆ,

ಹತ್ತೊಂಬತ್ತು ವರ್ಷದಲ್ಲಿ ಕೆಂಪು ಶಾಯಿಯಿಲ್ಲದ ಕ್ಯಾರಿಗ್‌ಬಾನ್ ಪತ್ರ ಇದೇ ಮೊದಲು ನೋಡಿದ್ದು. ದಿಂಬಿನಡಿ ಇಟ್ಟುಕೊಂಡಿದ್ದೇನೆ. ನಲವತ್ತು ವರ್ಷ ಅಂಚೆಯವನಾಗಿ ಸೈಕಲ್ಲಿನ ಮೇಲೆ ಊರವರ ಕಾಗದವನ್ನೆಲ್ಲ ಹಂಚಿದೆ. ನನಗೇ ಅಂತ ಬಂದ ಕಾಗದಗಳನ್ನು ಬೆರಳಲ್ಲಿ ಎಣಿಸಬಹುದು.

ನನ್ನ ಕಾಲನ್ನು ಮೇಲಕ್ಕೆ ಕಟ್ಟಿ ತುದಿಗೆ ಭಾರ ತೂಗುಬಿಟ್ಟಿದ್ದಾರೆ. ಹತ್ತು ವಾರ ಹೀಗೇ ಅಂತೆ. ಪಕ್ಕದ ಹಾಸಿಗೆಯವನು ಫುಟ್‌ಬಾಲ್ ಊರಿನವನು, ಪಾಪ, ಅವನ ಹತ್ತಿರ ಏನು ಮಾತಾಡುವುದು? ಕಾರ್ಯದರ್ಶಿ ಕೆಲಸ ಮಾತ್ರ ಬಿಟ್ಟಿಲ್ಲ. ಸೆಮಿಫೈನಲ್ಲಿನ ಆಟಗಾರರ ಪಟ್ಟಿಯನ್ನು ಮಲಗಿಕೊಂಡೇ ಬರೆಯುತ್ತೇನೆ. ಹೆಸರುಗಳೆಲ್ಲ ಐರಿಷ್‌ನಲ್ಲೇ ಇರಬೇಕೆಂಬ ನಿಯಮದ ಕಷ್ಟ ನಿಮಗೆ ಗೊತ್ತಲ್ಲ. ನನ್ನ ಕಷ್ಟ ಎಲ್ಲರಿಗಿಂತ ಒಂದು ಕೈ ಹೆಚ್ಚು. ನಮ್ಮ ಡೈರಿಯ ಮ್ಯಾನೇಜರ್ ಜಾನ್ ಸ್ಮಿತ್, ಮೊದಲ ಸುತ್ತಿನಲ್ಲಿ ಹರ್ಲಿಂಗ್ ಆಡುವ ಕೋಲಿನಿಂದ ರೆಫರಿಯ ಟೋಪಿ ಹಾರಿಸಿ ಮೂರು ತಿಂಗಳು ನಿಷೇಧ ಹೇರಿಸಿಕೊಂಡನಲ್ಲ, ಅವನು ಒಬ್ಬ. ಸೇತುವೆ ಹತ್ತಿರದ ಶಾನ್ ಮೆಗೋವನ್ ಇನ್ನೊಬ್ಬ, ಇರುವೆಗೂ ನೋವು ಮಾಡದ ಹುಡುಗ. ಐರಿಷ್‌ನಲ್ಲಿ ಬರೆದರೆ ಇಬ್ಬರೂ ಒಂದೇ: ಶಾನ್ ಮಕ್ ಗವನ್, ಕಮ್ಮಾರನ ಮಗ ಶಾನ್. ಅದಕ್ಕೆ ಮೆಗೋವನ್‌ನ ಹೆಸರಿನ ಮುಂದೆ ನಾನು ತಪ್ಪದೆ 'ಓಗ್' ಅಂತ ಸೇರಿಸುತ್ತೇನೆ, ಕಿರಿಯ ಅಂತ. ಆ ಎರಡಕ್ಷರ ಬಿಟ್ಟರೆ ಕಾಗದದ ಮೇಲೆ ನಿಷೇಧಿತ ಮನುಷ್ಯ ಮೈದಾನಕ್ಕಿಳಿದ ಹಾಗೆ!

ನಾನು ಇಂಥದ್ದರಲ್ಲಿ ಎಡವುವವನಲ್ಲ ಬಿಡಿ. ನಾನು ಕಾರ್ಯದರ್ಶಿಯಾದ ಮೂವತ್ತೆಂಟು ವರ್ಷದಲ್ಲಿ, ಪಂದ್ಯ ಸೋತವರು ನಮ್ಮ ಮೇಲೆ ಹಾಕಿದ ಆರು ತಕರಾರುಗಳಿಗೆ ವಾದವೇ ಇಲ್ಲದೆ ಮಣ್ಣು ಮುಕ್ಕಿಸಿದ್ದೇನೆ. ತಕರಾರು ಬಂದರೆ ನಾನು ಮೊದಲು ಓದುವುದಿಲ್ಲ, ಕಿಟಕಿಗೆ ಹಿಡಿಯುತ್ತೇನೆ. ನಮ್ಮ ದೇಶದಲ್ಲೇ ತಯಾರಾದ, ಬೆಳಕಿಗೆ ಹಿಡಿದರೆ ಒಳಗಡೆ ಗುರುತು ಕಾಣುವ ಕಾಗದದ ಮೇಲೆ ಬರೆಯದ ತಕರಾರು ತಕರಾರೇ ಅಲ್ಲ ಅಂತ ನಿಯಮವಿದೆಯಲ್ಲ. ಆರು ಮಂದಿಯೂ ಅದರಲ್ಲೇ ಬಿದ್ದರು.

ಇನ್ನೊಂದು ಮಾತು. ಇದು ನಿಮ್ಮ ಅಣ್ಣನ ಕಿವಿಗೆ ಬೀಳಬಾರದು. ಫೆಬ್ರವರಿಯಲ್ಲಿ ನಮ್ಮ ಸಮಿತಿ ಕೂತು ಒಂದು ತೀರ್ಮಾನ ಮಾಡಿದೆ. ಈ ವರ್ಷ ಫೈನಲ್ ಮುಟ್ಟದಿದ್ದರೆ ಕ್ಲೂನಾ ಕ್ಲಬ್ ಮುಚ್ಚುವುದು, ಹುಡುಗರನ್ನು ನಿಮ್ಮ ಕಡೆ ಕಳಿಸುವುದು. ಸ್ಮಿತ್ ಹೊರಗಿರುವುದರಿಂದ ನಮಗೆ ಉಳಿದಿರುವವರು ಸರಿಯಾಗಿ ಹದಿನೈದು ಮಂದಿ. ಒಬ್ಬನಿಗೆ ನೆಗಡಿಯಾದರೆ ಮುಗಿಯಿತು. ಫೈನಲ್ ಆಡಿದ ಕ್ಲಬ್ಬನ್ನು ಮುಚ್ಚಲು ಯಾರಿಗೂ ಮನಸ್ಸು ಬಾರದು, ಅದೊಂದೇ ನನ್ನ ಆಸೆ. ಅದು ನಮ್ಮಪ್ಪ ಕಟ್ಟಿದ ಕ್ಲಬ್ಬು. ನಮ್ಮ ಹುಡುಗರು ನಿಮ್ಮ ಹಸಿರು ಅಂಗಿ ತೊಡುವುದನ್ನು ನೋಡುವ ಮೊದಲೇ ದೇವರು ನನ್ನನ್ನು ಕರೆದುಕೊಳ್ಳಲಿ.

ಒಂದು ಉಪಕಾರ ಮಾಡಿ. ಪಂದ್ಯ ಮುಗಿದ ಮೇಲೆ ಏನಾಯಿತೆಂದು ಬರೆಯಿರಿ. ನಮ್ಮವರನ್ನು ಕೇಳಿ ಪ್ರಯೋಜನವಿಲ್ಲ. "ಹೆಂಗಿತ್ತೋ?" ಅಂದರೆ "ಚೆನ್ನಾಗಿತ್ತು" ಅಂತಾರೆ, ಅಷ್ಟೇ.

ಫಿಂಟನ್ ಕೋಲನ್


ಕ್ಯಾರಿಗ್‌ಬಾನ್
15 ಜುಲೈ 1974

ಕೋಲನ್‌ರೇ,

ನೀವು ಗೆದ್ದಿರಿ. ಒಂದೇ ಪಾಯಿಂಟ್. ಇದನ್ನು ಬರೆಯಲು ನನಗೆ ಎಷ್ಟು ಸಂಕಟವಾಗುತ್ತಿದೆಯೆಂದು ಊಹಿಸಿಕೊಂಡು ಖುಷಿಪಡಿ.

ಅರ್ಧ ಆಟದ ಹೊತ್ತಿಗೆ ನಾವು ಆರು ಪಾಯಿಂಟ್ ಮುಂದಿದ್ದೆವು. ನಿಮ್ಮವರು ಮೂರು ದಿನ ಹುಲ್ಲು ಹೊತ್ತ ಕಾಲುಗಳಲ್ಲಿ ಓಡುತ್ತಿದ್ದರು. ಮೈದಾನದಲ್ಲಿ ಕುಂಟುವವರೇ ನಾಲ್ಕು ಜನ, ಬದಲಿಗೆ ಕರೆಯಲು ಬೆಂಚಿನ ಮೇಲೆ ಒಂದು ನರಪಿಳ್ಳೆಯಿಲ್ಲ. ಆಮೇಲೆ ಶಾನ್ ಮೆಗೋವನ್‌ನ ತಲೆಗೆ ನಮ್ಮವನ ಕೋಲು ಬಿತ್ತು. ಬಿಳಿ ಬಟ್ಟೆ ಸುತ್ತಿದರು. ಅವನ ತಾಯಿ ಬೇಲಿಯ ಹತ್ತಿರ ನಿಂತು, "ಬಿಡ್ರೋ ಅವನ್ನ! ನಾಳೆ ಬೆಳಗ್ಗೆ ಹನ್ನೆರಡು ಹಸು ಹಾಲು ಕರೀಬೇಕು, ನೀವು ಬರ್ತೀರಾ ಕರಿಯೋಕೆ?" ಅಂತ ಕೂಗಿದಳು. ಅವನು ಹೊರಗೆ ಬರಲಿಲ್ಲ. ಅವನು ಬಂದರೆ ಹದಿನಾಲ್ಕೇ ಮಂದಿ ಅನ್ನುವುದು ಅವನಿಗೂ ಗೊತ್ತಿತ್ತು.

ಕೊನೆಯ ಹತ್ತು ನಿಮಿಷ ಏನಾಯಿತೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನಿಮ್ಮವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತ, ಬೈಯುತ್ತ, ಒಂದೊಂದೇ ಪಾಯಿಂಟ್ ತಂದರು. ಕೊನೆಯದನ್ನು ಮೆಗೋವನ್ ಹೊಡೆದ. ಅವನು ನಿಂತಿದ್ದ ಜಾಗ ಗೋಲಿನಿಂದ ಎಪ್ಪತ್ತು ಗಜ ಇರಬೇಕು. ಚೆಂಡು ಕಂಬಗಳ ನಡುವೆ ಹೋಯಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಮ್ಯಾಲಕಿ ನನ್ನ ಕೈಗಳನ್ನೇ ದುರುಗುಟ್ಟಿ ನೋಡಿದ.

ಪಟ್ಟಿಯಲ್ಲಿ ನಿಮ್ಮ ಕೈಬರಹ ತುಂಬ ನಡುಗಿತ್ತು. ವಿಶ್ರಾಂತಿ ತೆಗೆದುಕೊಳ್ಳಿ.

ಡೀಲಿಯಾ ಹೆನೆಗನ್


ಕ್ಯಾರಿಗ್‌ಬಾನ್
17 ಜುಲೈ 1974

ಕಾರ್ಯದರ್ಶಿಗಳು,
ಕ್ಲೂನಾ ಹರ್ಲಿಂಗ್ ಕ್ಲಬ್

ಮಾನ್ಯರೇ,

ಜುಲೈ 14ರ ಪಂದ್ಯದ ನಿಮ್ಮ ಪಟ್ಟಿಯಲ್ಲಿ ನಿಷೇಧಿತ ಆಟಗಾರ ಶಾನ್ ಮಕ್ ಗವನ್‌ನ ಹೆಸರಿರುವುದರಿಂದ, ಪಂದ್ಯವನ್ನು ಕ್ಯಾರಿಗ್‌ಬಾನ್‌ಗೆ ಕೊಡಬೇಕೆಂದು ಕೋರಿ ನಮ್ಮ ಕ್ಲಬ್ ಈ ದಿನ ಕೌಂಟಿ ಸಮಿತಿಗೆ ತಕರಾರು ಸಲ್ಲಿಸಿದೆ. ಅದರ ಪ್ರತಿಯನ್ನು ನಿಯಮದಂತೆ ನಿಮ್ಮ ಅಧ್ಯಕ್ಷರ ಮನೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಲಾಗಿದೆ.

ಡೀಲಿಯಾ ಹೆನೆಗನ್
ಕಾರ್ಯದರ್ಶಿ


ಕೌಂಟಿ ಆಸ್ಪತ್ರೆ
20 ಜುಲೈ 1974

ಮಿಸ್ ಹೆನೆಗನ್,

'ಓಗ್' ಬರೆಯುವುದನ್ನು ಮರೆತೆ. ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ. ಆ ದಿನ ನೋವಿಗೆ ಕೊಟ್ಟ ಔಷಧಿಯಲ್ಲಿ ಕಣ್ಣು ಮಂಜಾಗಿತ್ತು. ನೆಪ ಹೇಳುತ್ತಿಲ್ಲ. ತಪ್ಪು ನನ್ನದೇ.

ಆದರೆ ಆ ತಪ್ಪನ್ನು ಎಲ್ಲಿ ಹುಡುಕಬೇಕೆಂದು ನಿಮಗೆ ಹೇಳಿಕೊಟ್ಟವನೂ ನಾನೇ. ಮೂರನೇ ತಾರೀಕು, ಇದೇ ಹಾಸಿಗೆಯಲ್ಲಿ ಮಲಗಿಕೊಂಡು, ಗೆಳತಿಗೆ ಬರೆದ ಹಾಗೆ ಬರೆದೆ. ಕ್ಲಬ್ ಮುಚ್ಚುವ ವಿಷಯವನ್ನೂ ನಂಬಿ ಹೇಳಿದೆ. ನೀವು ಎಪ್ಪತ್ತು ಗಜದ ಹೊಡೆತವನ್ನು ಹೊಗಳಿ ಬರೆದದ್ದನ್ನು ನಾನು ಈ ವಾರ್ಡಿನ ಪ್ರತಿಯೊಬ್ಬರಿಗೂ ಓದಿ ಹೇಳಿದ್ದೆ, ಫುಟ್‌ಬಾಲಿನವನಿಗೂ. ಎರಡೇ ದಿನಕ್ಕೆ ಕತ್ತು ಕುಯ್ದಿರಿ.

ಮೆಗೋವನ್ ಆಡಿದ್ದನ್ನು ನಿಮ್ಮ ಕಣ್ಣಾರೆ ನೋಡಿದ್ದೀರಿ. ಅವನ ತಲೆಯ ಬಟ್ಟೆ ನೋಡಿದ್ದೀರಿ. ಸ್ಮಿತ್ ಆ ಹೊತ್ತಿಗೆ ಡೈರಿಯಲ್ಲಿ ಕ್ಯಾನು ತೊಳೆಯುತ್ತಿದ್ದ. ಇದು ಗೊತ್ತಿದ್ದೂ ಸಹಿ ಹಾಕಿದಿರಿ.

ಉತ್ತರ ಬರೆಯುವ ಅಗತ್ಯವಿಲ್ಲ.

ಎಫ್. ಕೋಲನ್


ಕೌಂಟಿ ಆಸ್ಪತ್ರೆ
7 ಆಗಸ್ಟ್ 1974

ಮಿಸ್ ಹೆನೆಗನ್,

ನಿನ್ನೆ ಕೌಂಟಿ ಸಮಿತಿಯಲ್ಲಿ ನಡೆದದ್ದನ್ನು ನಮ್ಮ ಅಧ್ಯಕ್ಷ ಬಂದು ಹೇಳಿದ. ನಿಮ್ಮ ತಕರಾರನ್ನು ಓದುವ ಮೊದಲೇ ಸಮಿತಿಯವರು ದೀಪಕ್ಕೆ ಹಿಡಿದರಂತೆ. ಒಳಗೆ ಗುರುತೂ ಇಲ್ಲ ಗಿರುತೂ ಇಲ್ಲ, ಬರೀ ಬೋಳು! ಇಂಗ್ಲೆಂಡಿನ ಕಾಗದ! "ಹೆನೆಗನ್ ಮೇಷ್ಟ್ರಮ್ಮ ಬರ್ದದ್ದಾ ಇದು?" ಅಂತ ಇಡೀ ಕೋಣೆ ನಕ್ಕಿತಂತೆ. ಎರಡು ನಿಮಿಷದಲ್ಲಿ ತಕರಾರು ತಳ್ಳಿಹಾಕಿದರು. ಕ್ಲೂನಾ ಫೈನಲ್‌ಗೆ ಹೋಗುತ್ತಿದೆ.

ಊರೆಲ್ಲರ ವ್ಯಾಕರಣ ತಿದ್ದುವವರು ಸ್ವಂತದ ಕಾಗದ ನೋಡಿಕೊಳ್ಳಲಿಲ್ಲ. ನಿಮ್ಮ ಕೆಂಪು ಶಾಯಿ ನನಗೆ ಸ್ವಲ್ಪ ಸಾಲ ಕೊಡಿ, ನಿಮ್ಮ ತಕರಾರಿನ ಮೇಲೆ 'ಫೇಲ್' ಅಂತ ಬರೆದು ಕಳಿಸುತ್ತೇನೆ.

ಎಫ್. ಕೋಲನ್


ಕ್ಯಾರಿಗ್‌ಬಾನ್
11 ಆಗಸ್ಟ್ 1974

ಕೋಲನ್‌ರೇ,

ನಿಮ್ಮ ಪತ್ರ ಮುಟ್ಟಿತು. ಫೈನಲ್‌ಗೆ ನಿಮ್ಮ ಹುಡುಗರಿಗೆ ಒಳ್ಳೆಯದಾಗಲಿ.

ಡೀಲಿಯಾ ಹೆನೆಗನ್


ಕೌಂಟಿ ಆಸ್ಪತ್ರೆ
30 ಆಗಸ್ಟ್ 1974

ಪ್ರಿಯ ಡೀಲಿಯಾ,

ಹೆಸರು ಹಿಡಿದು ಕರೆದದ್ದಕ್ಕೆ ಬೈಯಬೇಡಿ, ಮೊದಲು ಪೂರ್ತಿ ಓದಿ.

ನಾವು ಫೈನಲ್ ಸೋತೆವು, ಒಂಬತ್ತು ಪಾಯಿಂಟ್‌ಗಳಿಂದ. ನಿಮಗೆ ಆಗಲೇ ಗೊತ್ತಿರುತ್ತದೆ. ಆದರೂ ಆ ಸಂಜೆ ಸೋತ ಹುಡುಗರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಊರಿನ ತುಂಬ ಮೆರವಣಿಗೆ ಮಾಡಿದರಂತೆ. ಕ್ಲಬ್ ಮುಚ್ಚುವ ಮಾತು ಬಿದ್ದುಹೋಯಿತು. ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ನಮ್ಮ ಇಬ್ಬರು ಮುಂದಿನ ವರ್ಷ ಭಾನುವಾರಗಳಲ್ಲಿ ಬಂದು ಆಡುತ್ತೇವೆ ಅಂದಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಮನೆಗೆ ಬಿಡುತ್ತಾರೆ. ಇವತ್ತು ಬೆಳಗ್ಗೆ ಸಾಮಾನು ಜೋಡಿಸಿಕೊಳ್ಳುತ್ತ, ನಿಮ್ಮ ಪತ್ರಗಳನ್ನು ಹರಿಯಬೇಕೆಂದು ದಿಂಬಿನಡಿಯಿಂದ ತೆಗೆದೆ. ನರ್ಸ್ ಪರದೆ ಸರಿಸಿದಳು. ಬಿಸಿಲು ನೇರ ನನ್ನ ಕೈಮೇಲೆ ಬಿತ್ತು. ಜೂನ್ 28ರ ಪತ್ರ, ಜುಲೈ 15ರದ್ದು, ಮತ್ತೆ ಆ ಎರಡು ಸಾಲಿನ ಆಗಸ್ಟ್ ಪತ್ರ. ಮೂರರಲ್ಲೂ ಅಕ್ಷರಗಳ ಹಿಂದೆ ಗುರುತು ಎದ್ದು ಕಾಣುತ್ತಿತ್ತು.

ಮುದುಕನ ಸೊಂಟದ ಯೋಗಕ್ಷೇಮ ಕೇಳಲು ನಿಮ್ಮ ಹತ್ತಿರ ಒಳ್ಳೆಯ ಕಾಗದವಿತ್ತು. ತಕರಾರು ಬರೆಯಲು ಇರಲಿಲ್ಲ. ಆ ನಿಯಮವನ್ನು ನಿಮಗೆ ನೆನಪಿಸಿದವನೂ ನಾನೇ, 'ಓಗ್' ವಿಷಯ ಹೇಳಿದ ಅದೇ ಪತ್ರದಲ್ಲಿ.

ನರ್ಸ್ ನನ್ನನ್ನು ನೋಡಿ, "ಯಾಕಜ್ಜ, ಮತ್ತೆ ನೋವಾ?" ಅಂದಳು. ಹೌದಮ್ಮ ಅಂದೆ.

ಆಗಸ್ಟ್ 7ರಂದು ನಾನು ಬರೆದದ್ದನ್ನು ದಯವಿಟ್ಟು ಸುಟ್ಟುಬಿಡಿ. ನನಗೆ ನಾಚಿಕೆಯಾಗಿದೆ. ಒಂದು ಸಾಲು ಬರೆಯಿರಿ, ನಾನು ಊಹಿಸಿದ್ದು ನಿಜವೇ?

ಫಿಂಟನ್


ಕ್ಯಾರಿಗ್‌ಬಾನ್
5 ಸೆಪ್ಟೆಂಬರ್ 1974

ಫಿಂಟನ್‌ರವರೇ,

ನಾನು ಮರೆತೆ. ಐವತ್ತೆಂಟಾಯಿತು, ಮರೆವು ಸಹಜ.

ನಮ್ಮ ಅಂಗಡಿ, ಚರ್ಚು, ಶಾಲೆಯ ಗೇಟು ಎಲ್ಲ ಕಡೆ ನಾನು ಹೇಳಿರುವುದು ಇದನ್ನೇ. ನಿಮಗೂ ಇದನ್ನೇ ಹೇಳುತ್ತೇನೆ. ಮತ್ತೆ ಕೇಳಬೇಡಿ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲನ್ನು ಮೊದಲು ಇಡಬೇಕಂತೆ, ಇಳಿಯುವಾಗ ಕೆಟ್ಟ ಕಾಲನ್ನು. ನಮ್ಮ ತಾಯಿಗೂ ಹೀಗೇ ಆಗಿತ್ತು.

ಡೀಲಿಯಾ


ಕ್ಲೂನಾ
20 ಅಕ್ಟೋಬರ್ 1974

ಪ್ರಿಯ ಡೀಲಿಯಾ,

ನಿನ್ನೆ ನಿಮ್ಮ ಅಣ್ಣ ಬಂದಿದ್ದ. ಮ್ಯಾಲಕಿ ಹೆನೆಗನ್ ನನ್ನ ಅಡುಗೆಮನೆಯಲ್ಲಿ! ನಾಯಿ ಕೂಡ ಬೊಗಳುವುದನ್ನು ಮರೆತು ನೋಡುತ್ತ ನಿಂತಿತು.

ಮೂರು ಲೋಟ ಟೀ ಕುಡಿದ. ಹವಾಮಾನ, ಕುರಿ, ನನ್ನ ಸೊಂಟ, ಎಲ್ಲ ಮುಗಿಸಿದ. ಆಮೇಲೆ ಕೇಳಿದ: "ನಮ್ ಡೀಲಿಯಾ ನಿಂಗೆ ಕಾಗದ ಬರೀತಿದ್ಲಂತೆ, ಆಸ್ಪತ್ರೇಲಿದ್ದಾಗ?"

"ಬರೀತಿದ್ರು. ಬೈಯೋಕೆ," ಅಂದೆ.

"ಯಾವ ಥರ ಕಾಗದದ ಮೇಲೆ?"

"ಕಾಗದ ಕಾಗದದ ಥರಾನೇ ಇತ್ತಪ್ಪ. ಕಾಲು ತೂಗುಬಿಟ್ಟಿದ್ರು, ಇಂಗ್ಲೆಂಡಿಂದಾ ಐರ್ಲೆಂಡಿಂದಾ ಅಂತ ನೋಡ್ತಾ ಕೂತಿದ್ನಾ ನಾನು?"

"ಒಂದನ್ನ ತೋರಿಸ್ತೀಯಾ?"

"ಹರಿದು ಬಿಸಾಕ್ದೆ. ತಕರಾರು ಹಾಕಿದೋರ ಕಾಗದ ಇಟ್ಕೊಂಡು ಪೂಜೆ ಮಾಡ್ಲಾ?"

ಪತ್ರಗಳು ಅವನ ಬೆನ್ನ ಹಿಂದಿನ ಬೀರುವಿನಲ್ಲೇ ಇದ್ದವು. ಹೋಗುವಾಗ ಬಾಗಿಲಲ್ಲಿ ನಿಂತು, "ಅವ್ಳು ಚಿಕ್ಕವಳಿದ್ದಾಗಿಂದ ಏನನ್ನೂ ಮರೆತವಳಲ್ಲ ಕಣಯ್ಯ," ಅಂದ. ಕೋಪದಿಂದ ಹೇಳಿದ್ದಲ್ಲ, ದುಃಖದಿಂದ ಹೇಳಿದ ಹಾಗಿತ್ತು.

ಅವನು ಗುಡ್ಡ ಹತ್ತಿ ಮರೆಯಾದ ಮೇಲೆ ಪತ್ರಗಳನ್ನು ಒಲೆಗೆ ಹಾಕಿದೆ. ಬಾಯಿಪಾಠವಾಗಿತ್ತು, ಆದರೂ ಹಾಕಲು ಸುಲಭಕ್ಕೆ ಕೈ ಬರಲಿಲ್ಲ. ನೀವೂ ನನ್ನವನ್ನು ಇಟ್ಟುಕೊಳ್ಳಬೇಡಿ. ನೀವು ಮರೆತವರು ಅಂತ ಜನ ಅಂದುಕೊಂಡರೆ ನಗುತ್ತಾರೆ, ಅಷ್ಟೇ. ಮರೆಯಲಿಲ್ಲ ಅಂತ ಗೊತ್ತಾದರೆ ನಿಮ್ಮೂರಿನಲ್ಲಿ ನಿಮಗೆ ನಿಲ್ಲಲು ಜಾಗ ಸಿಗುವುದಿಲ್ಲ.

ಫಿಂಟನ್


ಕ್ಯಾರಿಗ್‌ಬಾನ್
16 ಡಿಸೆಂಬರ್ 1974

ಫಿಂಟನ್‌ರೇ,

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಶುಕ್ರವಾರ ನಮ್ಮ ವಾರ್ಷಿಕ ಸಭೆ ಇತ್ತು. ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ಬಿಡಿಸಿದರು. ಒಂಬತ್ತಕ್ಕೆ ಹದಿನಾಲ್ಕು ಮತ. ಮ್ಯಾಲಕಿ ಎರಡೂ ಕಡೆ ಕೈ ಎತ್ತಲಿಲ್ಲ.

ಯಾರೂ ಕೆಟ್ಟ ಮಾತಾಡಲಿಲ್ಲ. "ಟೀಚರ್‌ಗೆ ಸುಸ್ತಾಗಿದೆ, ಪಾಪ, ಹತ್ತೊಂಬತ್ತು ವರ್ಷ ಮಾಡಿದಾರೆ," ಅಂದರು. ಒಂದು ಟೀ ಸೆಟ್ ಕೊಟ್ಟರು. ಕೈ ಎತ್ತಿದ ಹದಿನಾಲ್ಕು ಮಂದಿಗೂ ಅಕ್ಷರ ಕಲಿಸಿದವಳು ನಾನೇ. ಅವರಲ್ಲೊಬ್ಬ ತರಗತಿಯಲ್ಲಿ ಎತ್ತುತ್ತಿದ್ದ ಹಾಗೇ ಎತ್ತಿದ, ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು. ನಾನು ಅಭ್ಯಾಸಬಲದಿಂದ "ಏನಪ್ಪಾ?" ಅಂದುಬಿಟ್ಟೆ. ಆಗ ಮಾತ್ರ ಎಲ್ಲರೂ ತಲೆ ತಗ್ಗಿಸಿದರು.

ನೋವಾಗಿದೆ, ಫಿಂಟನ್. ನಿಮ್ಮ ಹತ್ತಿರ ಇಲ್ಲವೆನ್ನುವುದಿಲ್ಲ. ಭಾನುವಾರ ಬೆಳಗ್ಗೆ ಎದ್ದರೆ ಮಾಡಲು ಕೆಲಸವೇ ಇಲ್ಲ.

ಕ್ರಿಸ್ಮಸ್ ಶುಭಾಶಯಗಳು.

ಡೀಲಿಯಾ


ಕ್ಲೂನಾ
13 ಜನವರಿ 1975

ಪ್ರಿಯ ಡೀಲಿಯಾ,

ನಿಮ್ಮ ಪತ್ರಕ್ಕೆ ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕಾರಣವಿದೆ. ಬರೀ ಸಮಾಧಾನ ಹೇಳಿ ಬರೆಯಲು ನನಗೆ ಮನಸ್ಸಾಗಲಿಲ್ಲ.

ನಿನ್ನೆ ನಮ್ಮ ಸಮಿತಿ ಸಭೆ. ಕೋಲೂರಿಕೊಂಡು ಎದ್ದು ನಿಂತು ಒಂದು ಠರಾವು ಮಂಡಿಸಿದೆ: ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕ್ಲೂನಾ, ಕ್ಯಾರಿಗ್‌ಬಾನ್ ಸೇರಿ ಒಂದೇ ತಂಡ ಮಾಡುವುದು. ನಮ್ಮಲ್ಲಿ ಒಂಬತ್ತು ಮಕ್ಕಳು, ನಿಮ್ಮಲ್ಲಿ ಎಂಟು. ಎರಡೂ ಕಡೆ ತಂಡವಿಲ್ಲದೆ ಮಕ್ಕಳು ಗೋಡೆಗೆ ಚೆಂಡು ಹೊಡೆಯುತ್ತ ನಿಂತಿದ್ದಾರೆ. ಇದು ನನಗೆ ಹತ್ತು ವರ್ಷದಿಂದ ಗೊತ್ತಿತ್ತು. ಯಾರಾದರೂ ಎತ್ತಿದರೆ ಬಾಯಿ ಮುಚ್ಚಿಸುತ್ತಿದ್ದವನೂ ನಾನೇ.

ಅಧ್ಯಕ್ಷ ಕೇಳಿದ: "ಫಿಂಟನ್, ನೀನು ಏಣಿಯಿಂದ ಬಿದ್ದಾಗ ಮುರಿದದ್ದು ಸೊಂಟಾನೋ, ತಲೇನೋ?"

"ಎರಡೂನೂ. ಈಗ ಎರಡೂ ಸರಿಹೋಗಿದೆ," ಅಂದೆ.

"ಅಂಗಿ ಯಾವ ಬಣ್ಣ?"

"ಯಾವುದಾದ್ರೂ ಸರಿ."

"ಹಸಿರು?" ಅಂತ ಸ್ಮಿತ್ ಮೂಲೆಯಿಂದ ಕೆಣಕಿದ.

"ಹಸಿರೇ ಆಗ್ಲಿ," ಅಂದೆ. ನಾಲಿಗೆಗೆ ಸ್ವಲ್ಪ ಕಹಿಯಾಯಿತು, ಆದರೆ ಸತ್ತೇನೂ ಹೋಗಲಿಲ್ಲ.

ಠರಾವಿಗೆ ಒಂದೇ ಒಂದು ಷರತ್ತು ಹಾಕಿದ್ದೇನೆ. ಆ ತಂಡಕ್ಕೆ ಕಾರ್ಯದರ್ಶಿ ಮಿಸ್ ಡೀಲಿಯಾ ಹೆನೆಗನ್ ಆಗಬೇಕು. ಬೇರೆ ಯಾರಾದರೂ ಕ್ಲೂನಾ ಒಪ್ಪುವುದಿಲ್ಲ. ಇವತ್ತು ನಿಮ್ಮ ಸಮಿತಿಗೆ ಪತ್ರ ಹೋಗಿದೆ, ಒಳಗೆ ಗುರುತಿರುವ ಕಾಗದದ ಮೇಲೆ.

ಇದನ್ನು ನಿಮ್ಮ ಮೇಲಿನ ಕರುಣೆಯಿಂದ ಮಾಡಿಲ್ಲ. ಗುಡ್ಡದ ಈಚೆ ಆಚೆ ಎರಡೂ ಕಡೆ ನಾನು ಕಂಡವರಲ್ಲಿ ನಿಮ್ಮಷ್ಟು ನೇರ ಮನುಷ್ಯರು ಇನ್ನೊಬ್ಬರಿಲ್ಲ. ಮೈದಾನದಲ್ಲಿ ಗೆದ್ದದ್ದನ್ನು ಕಾಗದದ ಮೇಲೆ ಕಸಿಯಬಾರದು ಅಂತ, ಊರೆಲ್ಲ ನಗುವುದನ್ನು ಸಹಿಸಿಕೊಂಡಿರಿ. ಅಂಥವರ ಕೈಗೇ ಮಕ್ಕಳನ್ನು ಕೊಡಬೇಕು.

ಫಿಂಟನ್


ಕ್ಯಾರಿಗ್‌ಬಾನ್
27 ಜನವರಿ 1975

ಪ್ರಿಯ ಫಿಂಟನ್,

ಮ್ಯಾಲಕಿ ನಿನ್ನೆ ಸಂಜೆ ಅಡುಗೆಮನೆಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಒಲೆ ಹತ್ತಿರ ನಿಂತ. ಏನೋ ಒಡೆದುಹಾಕಿ ಒಪ್ಪಿಕೊಳ್ಳಲು ಬಂದ ಮಗುವಿನ ಹಾಗಿದ್ದ.

"ಗುಡ್ಡದಾಚೆಯೋರು ಮಕ್ಕಳ ತಂಡ ಮಾಡೋಣ ಅಂತಿದಾರೆ."

"ಒಳ್ಳೇದಾಯ್ತು."

"ನೀನೇ ಬೇಕಂತೆ."

"ನಿಮ್ಮ ಸಭೆ ಏನಂತು?"

"ಕೈ ಎತ್ತಿದ್ರು. ಎಲ್ಲಾರೂ. ನಾನೂ," ಅಂದ. ಆಮೇಲೆ, "ಬರ್ತೀಯಾ ಕಣೇ?" ಅಂದ. ಡಿಸೆಂಬರಿನಿಂದ ಅವನು ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ನಾನು ತಿರುಗಿ ನಿಂತು ಪಾತ್ರೆ ತೊಳೆಯತೊಡಗಿದೆ, ಮುಖ ಕಾಣಬಾರದೆಂದು.

ಬರುತ್ತೇನೆ ಅಂದಿದ್ದೇನೆ. ಆದರೆ ನೀವು ನನ್ನನ್ನು ಏನೆಂದುಕೊಂಡಿದ್ದೀರೋ ಅದನ್ನು ಹೊತ್ತುಕೊಂಡು ನಿಮ್ಮ ಎದುರು ನಿಲ್ಲಲು ನನ್ನಿಂದಾಗದು. ಆದ್ದರಿಂದ ಕೇಳಿ.

ನಾನು ಮರೆಯಲಿಲ್ಲ. ಇಂಗ್ಲೆಂಡಿನ ಆ ಬೋಳು ಕಾಗದ ನನ್ನ ಮನೆಯಲ್ಲೇ ಇರಲಿಲ್ಲ, ಪೇಟೆಗೆ ಏಳು ಮೈಲಿ ಸೈಕಲ್ ತುಳಿದುಕೊಂಡು ಹೋಗಿ ತಂದೆ. ಅಷ್ಟು ನೀವು ಊಹಿಸಿದ್ದು ಸರಿ.

ಊಹಿಸದೆ ಇದ್ದದ್ದು ಇದು. ಪಂದ್ಯದ ದಿನ ಆಟ ಶುರುವಾಗಲು ಇಪ್ಪತ್ತು ನಿಮಿಷವಿರುವಾಗ ನಿಮ್ಮ ಪಟ್ಟಿ ನನ್ನ ಕೈಗೆ ಬಂತು. ನೀವು ಬರೆದದ್ದು ನೆನಪಿತ್ತು. ನೇರ ಆ ಹೆಸರಿಗೇ ಕಣ್ಣು ಹೋಯಿತು. 'ಓಗ್' ಇರಲಿಲ್ಲ. ನಿಮ್ಮ ಅಧ್ಯಕ್ಷ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಒಂದು ಮಾತು ಹೇಳಿದ್ದರೆ ಜೇಬಿನಿಂದ ಪೆನ್ನು ತೆಗೆದು ಬರೆದು ಮುಗಿಸುತ್ತಿದ್ದ. ನಾನು ಹೇಳಲಿಲ್ಲ. ಸೋತರೆ ಉಪಯೋಗಕ್ಕೆ ಬಂದೀತು ಅಂತ ಪಟ್ಟಿಯನ್ನು ಮಡಚಿ ಕೈಚೀಲದಲ್ಲಿಟ್ಟೆ. ಕ್ಲಬ್ ಮುಚ್ಚುವ ನಿಮ್ಮ ಗುಟ್ಟು ಗೊತ್ತಿದ್ದೂ ಇಟ್ಟೆ. ಇಪ್ಪತ್ತೆರಡು ವರ್ಷದಿಂದ ನಾವು ಫೈನಲ್ ಆಡಿಲ್ಲ, ಫಿಂಟನ್.

ಆಮೇಲೆ ಮೆಗೋವನ್ ಆ ಚೆಂಡು ಹೊಡೆದ. ಚಪ್ಪಾಳೆ ತಟ್ಟುವಾಗ ಕೈಚೀಲ ತೋಳಿನಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ನನ್ನ ಬಗ್ಗೆಯೇ ಹೇಸಿಗೆಯಾಯಿತು. ಪಟ್ಟಿಯನ್ನು ಒಲೆಗೆ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಮಂಗಳವಾರ ಮ್ಯಾಲಕಿ ಬೆಂಕಿಪೆಟ್ಟಿಗೆ ಹುಡುಕುತ್ತ ಚೀಲಕ್ಕೆ ಕೈ ಹಾಕಿದ. ಪಟ್ಟಿ ಸಿಕ್ಕಿತು, ಆ ಹೆಸರು ನೋಡಿ ಮರುದಿನವೇ ತಕರಾರು ಬರೆಸಿದ.

ನಾನು ನೇರ ಮನುಷ್ಯಳಲ್ಲ. ಇದನ್ನು ಓದಿದ ಮೇಲೂ ನಿಮ್ಮ ಒಂಬತ್ತು ಮಕ್ಕಳನ್ನು ಕಳಿಸುತ್ತೀರೋ ಇಲ್ಲವೋ, ಯೋಚಿಸಿ ತಿಳಿಸಿ.

ಡೀಲಿಯಾ


ಕ್ಲೂನಾ
30 ಜನವರಿ 1975

ಪ್ರಿಯ ಡೀಲಿಯಾ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಓದುವಾಗ, ಆ ಇಪ್ಪತ್ತು ನಿಮಿಷ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಅಂತ ಯೋಚಿಸಿದೆ.

ನಾನೂ ಆ ಪಟ್ಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ, ಒಂದು ಗಳಿಗೆಯೂ ಯೋಚಿಸದೆ. ಸೋತಿದ್ದರೆ ಅದೇ ದಿನ ತಕರಾರನ್ನೂ ಬರೆಯುತ್ತಿದ್ದೆ, ದೇಶದಲ್ಲಿ ಸಿಗುವ ಅತಿ ಒಳ್ಳೆಯ ಕಾಗದದ ಮೇಲೆ. ನಿಮ್ಮ ಕ್ಲಬ್ ಮುಚ್ಚಿಹೋಗುತ್ತದೆಂದು ಗೊತ್ತಿದ್ದರೂ ಬರೆದು, ಆ ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಮಕ್ಕಳ ಅಭ್ಯಾಸ ಶನಿವಾರ ಹನ್ನೊಂದು ಗಂಟೆಗೆ ನಮ್ಮ ಮೈದಾನದಲ್ಲಿ. ಬೇಗ ಬನ್ನಿ. ಬಲೆ ಕಟ್ಟಬೇಕು, ನನ್ನನ್ನು ಯಾರೂ ಏಣಿ ಹತ್ತಲು ಬಿಡುತ್ತಿಲ್ಲ.

ಫಿಂಟನ್